ಫೋನಿನೊಳಗಿನ ಹತ್ತು ಗಂಟೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನನ್ನ ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ಪಂಚನಹಳ್ಳಿಯಲ್ಲಿ ಇವತ್ತು ಯಾರನ್ನು ಕೇಳಿದರೂ ಇತ್ತು ಅನ್ನುತ್ತಾರೆ. ಅನ್ನಲಿ.

ನಮಗೂ ನಾಗೇಶ ಚಿಕ್ಕಪ್ಪನಿಗೂ ಒಂದೇ ಬೋರ್‌ವೆಲ್. ತೋಟ ಭಾಗವಾದಾಗ ಅಣ್ಣತಮ್ಮ ತೆಂಗಿನ ಮರಗಳನ್ನು ಎಣಿಸಿ ಹಂಚಿಕೊಂಡರು, ನೀರನ್ನು ಹಾಗೆ ಹಂಚಿಕೊಳ್ಳಲು ಆಗಲಿಲ್ಲ. ಬೆಳಿಗ್ಗೆ ತ್ರೀಫೇಸ್ ಕರೆಂಟ್ ಬಂದಾಗಿನಿಂದ ಹತ್ತು ಗಂಟೆಯವರೆಗೆ ನಮ್ಮ ಪಾಳಿ, ಆಮೇಲೆ ಕರೆಂಟ್ ಹೋಗುವವರೆಗೆ ಚಿಕ್ಕಪ್ಪನದು. ಹತ್ತಾಯಿತು, ಇನ್ನೂ ಆಗಿಲ್ಲ ಎಂದು ವಾಲ್ವಿನ ಹತ್ತಿರ ನಿಂತು ಅಮ್ಮನೂ ಕಾಂತಮ್ಮ ಚಿಕ್ಕಮ್ಮನೂ ಕಿತ್ತಾಡುವುದನ್ನು ನೋಡಿ ನೋಡಿ ಸಾಕಾಯಿತು. ಕಡೂರಿನಲ್ಲಿ ಬಿಸಿಎ ಓದುತ್ತಿದ್ದ ನಾನು ವಾಲ್ವುಗಳಿಗೆ ಫೋನಿನಿಂದ ನಡೆಯುವ ಮೋಟಾರ್ ಹಾಕಿಸಿ, ಮೊಬೈಲಿಗೊಂದು ಪ್ರೋಗ್ರಾಮ್ ಬರೆದು ಅಪ್ಪನ ಫೋನಿಗೆ ಹಾಕಿದೆ. ಫೋನಿನಲ್ಲಿ ಹತ್ತಾದ ಕೂಡಲೇ ನಮ್ಮ ಕಡೆಯ ವಾಲ್ವ್ ಮುಚ್ಚಿ ಚಿಕ್ಕಪ್ಪನ ಕಡೆಯದು ತೆರೆದುಕೊಳ್ಳುತ್ತದೆ. ಮನುಷ್ಯರು ಮಧ್ಯೆ ಬರುವುದೇ ಬೇಡ ಎಂಬುದು ನನ್ನ ಲೆಕ್ಕ.

ಈ ಬೇಸಿಗೆಯಲ್ಲಿ ಚಿಕ್ಕಪ್ಪನ ಹೊಸ ಸಸಿಗಳ ಗರಿ ಹಳದಿಯಾಗತೊಡಗಿತು. ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ ಚಿಕ್ಕಮ್ಮ, "ಅಪ್ಪನ ತೋಟಕ್ಕೇ ಜಾಸ್ತಿ ನೀರು ಹೋಗಂಗೆ ಮಗಳು ಬರ್ಕೊಟ್ಟವ್ಳೆ" ಅಂದಳಂತೆ. ಕಿವಿಗೆ ಬಿದ್ದಾಗ ಮೈಯೆಲ್ಲ ಉರಿದುಹೋಯಿತು.

ಭಾನುವಾರ ಚಿಕ್ಕಪ್ಪ ನಮ್ಮ ಜಗಲಿಗೆ ಬಂದು ಕೂತ. ಅವನು ಕೂಗಾಡುವ ಮನುಷ್ಯನಲ್ಲ. ಅದಕ್ಕೇ ಅವನು ಬಾಯಿ ತೆರೆದರೆ ನನಗೆ ಹೆದರಿಕೆ.

"ಅಣ್ಣ, ನಾನು ಬೇರೆ ಬೋರ್ ಕೊರೆಸ್ತೀನಿ. ಗಾಡಿಯವನಿಗೆ ಹೇಳಿದ್ದೀನಿ."

ಇರುವ ಬೋರಿನ ಪಕ್ಕದಲ್ಲೇ ಇನ್ನೊಂದು ಕೊರೆದರೆ ಎರಡೂ ಬತ್ತಬಹುದು ಎಂಬುದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂಬುದೂ ಗೊತ್ತಿತ್ತು.

"ತಡೀರಿ ಚಿಕ್ಕಪ್ಪ," ಅಂದೆ. "ನಿಮ್ ಎದುರಿಗೇ ಪ್ರೋಗ್ರಾಮ್ ಬಿಚ್ಚಿ ತೋರಿಸ್ತೀನಿ. ಅದ್ರಲ್ಲಿ ಮೋಸ ಇದ್ರೆ ನಾನೇ ಅಳಿಸಿ ಹಾಕ್ತೀನಿ."

ಲ್ಯಾಪ್‌ಟಾಪ್ ತಂದು, ಪ್ರೋಗ್ರಾಮ್ ಬರೆಯುವ ಎಡಿಟರ್ ತೆರೆದೆ. ಫೋನಿನಲ್ಲಿ ಓಡುತ್ತಿರುವ ಪ್ರೋಗ್ರಾಮಿಗೆ ಎಡಿಟರನ್ನು ಜೋಡಿಸಿದರೆ, ಅದು ಈಗ ಯಾವ ಸಾಲಿನಲ್ಲಿದೆ, ಏನು ಲೆಕ್ಕ ಹಾಕುತ್ತಿದೆ ಎಲ್ಲವೂ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ.

"ಅಪ್ಪ, ಫೋನ್ ಕೊಡು."

"ಚಾರ್ಜಿಲ್ಲ ಕಣೇ."

"ಕೇಬಲ್ ಹಾಕ್ತೀನಲ್ಲ."

"ಆ ಕೇಬಲ್ ಲೂಸು."

ಅದೇನೋ ನಿಜ. ಹಾಗಾದರೆ ವೈಫೈಯಲ್ಲೇ ಜೋಡಿಸುತ್ತೇನೆ ಅಂದೆ. ಅಪ್ಪ ಫೋನನ್ನು ಕೈಯಿಂದ ಬಿಡಲೇ ಇಲ್ಲ. ಅದರಲ್ಲಿ ಮೂಡಿದ ಜೋಡಣೆಯ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದ. ಕನ್ನಡಕ ಹಾಕಿಕೊಂಡಿದ್ದರೂ ತಪ್ಪು ಹೇಳಿದ, ಮತ್ತೆ ಹೇಳಿಸಬೇಕಾಯಿತು. ನನಗೆ ಆಗಲೂ ಹೊಳೆಯಲಿಲ್ಲ.

ಜೋಡಣೆಯಾಯಿತು. ಸಮಯ ನೋಡುವ ಸಾಲಿನಲ್ಲಿ ಪ್ರೋಗ್ರಾಮನ್ನು ನಿಲ್ಲಿಸಿದೆ.

"ನೋಡಿ ಚಿಕ್ಕಪ್ಪ, ಇಲ್ಲಿ ಟೈಮ್ ಎಷ್ಟು ಅಂತ ಫೋನನ್ನ ಕೇಳ್ತದೆ. ಹತ್ತಾಗಿದ್ರೆ ನಿಮ್ ಕಡೆ ನೀರು ಬಿಡ್ತದೆ. ಇಷ್ಟೇ ಇರೋದು."

ಫೋನಿನ ಉತ್ತರ ಪರದೆಯ ಮೇಲಿತ್ತು: ಒಂಬತ್ತೂವರೆ. ಚಿಕ್ಕಪ್ಪ ತನ್ನ ಕೈಗಡಿಯಾರ ನೋಡಿಕೊಂಡ. ನಾನು ಲ್ಯಾಪ್‌ಟಾಪಿನ ಮೂಲೆ ನೋಡಿದೆ. ಹತ್ತೂಕಾಲು. ತೋಟದಲ್ಲಿ ನೀರು ಇನ್ನೂ ನಮ್ಮ ಮರಗಳ ಬುಡಕ್ಕೇ ಹರಿಯುತ್ತಿತ್ತು.

ಫೋನಿನ ಗಡಿಯಾರ ಇಷ್ಟು ಹಿಂದೆ ತಾನಾಗಿ ಹೋಗುವುದಿಲ್ಲ. ನೆಟ್‌ವರ್ಕಿನಿಂದ ಬರುವ ಸಮಯವನ್ನು ಆಫ್ ಮಾಡಿ, ಯಾರಾದರೂ ಕೈಯಾರೆ ಹಿಂದಿಡಬೇಕು. ಒಂದು ಫೋಟೋ ಅಳಿಸಲೂ ನನ್ನನ್ನೇ ಕರೆಯುವ ಅಪ್ಪ ಇಷ್ಟೆಲ್ಲ ಕಲಿತಿದ್ದ. ಅಪ್ಪ ನೆಲ ನೋಡುತ್ತಿದ್ದ.

ಚಿಕ್ಕಪ್ಪ ಅಪ್ಪನನ್ನೇ ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದ.

"ಮಿಷಿನ್ ಅಂದ್ಮೇಲೆ ಹೆಚ್ಚುಕಮ್ಮಿ ಆಗ್ತದೆ. ನಿನ್ ಪ್ರೋಗ್ರಾಮಲ್ಲೇ ಎಲ್ಲೋ ತಪ್ಪಿರ್ಬೇಕು ಮಗಾ. ಸರಿ ಮಾಡ್ಬಿಡು."

ಅವನಿಗೆಲ್ಲ ಗೊತ್ತಾಗಿತ್ತು. ಇಲ್ಲ, ತಪ್ಪಿಲ್ಲ ಎಂದು ಕಿರುಚಬೇಕು ಅನ್ನಿಸಿತು. ಅಪ್ಪನ ಮಾನ ಮುಚ್ಚಲು ನನ್ನ ವಿದ್ಯೆಯೇ ಬೇಕಿತ್ತೇ? ಆದರೆ ನೀರು ಕಳೆದುಕೊಂಡವನೇ ನುಂಗಿಕೊಂಡು ಕೂತಿರುವಾಗ ನಾನು ಏನು ಹೇಳಲಿ?

"ಹೂಂ ಚಿಕ್ಕಪ್ಪ, ಒಂದು ತಪ್ಪಿತ್ತು," ಅಂದೆ. ಪ್ರೋಗ್ರಾಮನ್ನು ಮತ್ತೆ ಓಡಲು ಬಿಟ್ಟು, ತಿದ್ದುವವಳ ಹಾಗೆ ಏನೋ ಟೈಪ್ ಮಾಡಿ ಅಳಿಸಿದೆ.

ಅಪ್ಪ ಫೋನ್ ಹಿಡಿದುಕೊಂಡು ಅಂಗಳಕ್ಕಿಳಿದ. ಫೋನಿನ ಸಮಯ ನನ್ನ ಪರದೆಯ ಕೆಳಗೆ ಸಾಲು ಸಾಲಾಗಿ ಬೀಳುತ್ತಿತ್ತು. ಒಂಬತ್ತು ಮೂವತ್ತನಾಲ್ಕು. ಒಂಬತ್ತು ಮೂವತ್ತೈದು. ಮುಂದಿನ ಸಾಲಿನಲ್ಲಿ ಒಮ್ಮೆಗೇ ಹತ್ತು ಇಪ್ಪತ್ತೊಂದು. ಪಂಪ್‌ಹೌಸಿನ ಕಡೆಯಿಂದ ವಾಲ್ವ್ ತಿರುಗಿದ ಸದ್ದು ಬಂತು.

"ನೋಡು, ಸರಿಹೋಯ್ತು," ಅಂದ ಚಿಕ್ಕಪ್ಪ. ನನ್ನ ಮುಖ ನೋಡಲಿಲ್ಲ.

ಅಪ್ಪ ವಾಪಸು ಬಂದು ಫೋನನ್ನು ಅವನ ಮುಂದೆ ಚಾಚಿದ. "ಇನ್ಮೇಲೆ ಇದು ನಿನ್ನತ್ರಾನೇ ಇರ್ಲಿ ಕಣೋ ನಾಗೇಶ."

"ಬ್ಯಾಡಣ್ಣ. ಮೊದ್ಲಿಂದ ನಿನ್ನತ್ರ ಐತೆ, ನಿನ್ನತ್ರಾನೇ ಇರ್ಲಿ. ಬೋರಿನ ಗಾಡಿಯವನಿಗೆ ಬ್ಯಾಡ ಅಂತೀನಿ."

ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟ. ಅಪ್ಪ ಕಂಬಕ್ಕೆ ಒರಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ. ನನಗೆ ಅಯ್ಯೋ ಅನ್ನಿಸಿತು. ಸಿಟ್ಟೂ ಇಳಿದಿರಲಿಲ್ಲ.

ಎಡಿಟರ್ ಇನ್ನೂ ಅಪ್ಪನ ಫೋನಿಗೆ ಜೋಡಿಸಿಕೊಂಡೇ ಇತ್ತು. ಫೋನಿನ ಗಡಿಯಾರವನ್ನು ಕೇಳುವ ಬದಲು ಪ್ರೋಗ್ರಾಮ್ ನೇರವಾಗಿ ಇಂಟರ್ನೆಟ್ಟಿನಿಂದ ಸಮಯ ತೆಗೆದುಕೊಳ್ಳುವ ಹಾಗೆ ಮಾಡಲು ಕೆಲವೇ ಸಾಲು ಸಾಕು. ಆಮೇಲೆ ಅಪ್ಪ ಗಡಿಯಾರವನ್ನು ಎಷ್ಟು ತಿರುಗಿಸಿದರೂ ನೀರು ಹತ್ತಕ್ಕೇ ತಿರುಗುತ್ತದೆ. ಮೋಸಹೋದ ಚಿಕ್ಕಪ್ಪ ಅಣ್ಣನನ್ನು ನಂಬಿ ಫೋನ್ ಬಿಟ್ಟುಹೋಗಿದ್ದ. ನಾನು ಮಗಳು. ಹಾಗೆ ನಂಬಲು ನನ್ನಿಂದ ಆಗಲಿಲ್ಲ. ಬರೆದೆ, ಕಳಿಸಿದೆ.

ಅಪ್ಪನ ಕೈಯಲ್ಲಿದ್ದ ಫೋನಿನಲ್ಲಿ ಪ್ರೋಗ್ರಾಮ್ ಮುಚ್ಚಿಕೊಂಡು ಮತ್ತೆ ತೆರೆದುಕೊಂಡಿತು. ಅವನು ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಏನ್ ಮಾಡ್ದೆ ಮಗಾ?"

"ತಪ್ಪಿತ್ತಲ್ಲಪ್ಪ, ಸರಿ ಮಾಡ್ದೆ."

ಅಪ್ಪ ಫೋನನ್ನು ಜೇಬಿಗಿಟ್ಟುಕೊಂಡ. ಅವತ್ತಿನಿಂದ ಫೋಟೋ ಅಳಿಸಿಕೊಡು ಎಂದೂ ನನ್ನನ್ನು ಕರೆದಿಲ್ಲ.