ಬ್ಲಾಕ್ ಮಾಡಿದವಳಿಗೆ ಕಾಣದ್ದು

ಬೇಲಿಯಕ್ಕ ಅನ್ನುವುದು ಆಫೀಸಿನವರು ಅವಳಿಗೆ ಇಟ್ಟ ಹೆಸರು. ಹೆಡ್‌ಸೆಟ್ ತಲೆಗೇರಿಸಿ, ಗೊಂಬೆಯ ಮೈ ತೊಟ್ಟು, ಜನ ಕೂತಲ್ಲಿಂದಲೇ ಸೇರಿ ಹರಟುವ ವರ್ಚುವಲ್ ಲೋಕವೊಂದನ್ನು ಅವರೆಲ್ಲ ಕಟ್ಟುತ್ತಿದ್ದರು. ಅಲ್ಲಿ ಮೈಮೇಲೆ ಬೀಳುವವರನ್ನು ದೂರ ಇಡುವುದು ಇವಳ ಕೆಲಸ.

ಬೆಳಗಿನ ಮೀಟಿಂಗೂ ಆ ಲೋಕದೊಳಗೇ ಆಗಬೇಕೆಂದು ಧಣಿಯ ಅಪ್ಪಣೆ. ಗೊಂಬೆಗಳಿಗೆ ಮೈ ಬಿಡಿಸುವ ಚಿತ್ರಗಾರ, ಆ ದರಿದ್ರದವನು, ಅಲ್ಲೇ ಇವಳ ಸೊಂಟಕ್ಕೆ ಕೈ ಹಾಕುತ್ತಿದ್ದ. ಬೈದರೆ ಹಲ್ಲು ಕಿರಿಯುತ್ತಿದ್ದ. ಇವಳು ತಾನೇ ಕಟ್ಟಿದ ಬ್ಲಾಕ್ ಬಟನ್ ಒತ್ತಿದಳು, ಪೀಡೆ ಕಣ್ಣಿಂದ ಮಾಯವಾಯಿತು. ಧ್ವನಿ ನೋಡಿಕೊಳ್ಳುತ್ತಿದ್ದ ಗೆಳತಿಗೂ ಅವನ ಕಾಟ ಇತ್ತು. ಅವಳೂ ಹಾಗೇ ಮಾಡಿದಳು.

ಆಮೇಲೆ ಮೀಟಿಂಗಿನಲ್ಲಿ ಇವಳು ಬಾಯಿ ತೆರೆದರೆ ಸಾಕು, ಯಾರೋ ಕಿಸಕ್ಕೆಂದು ನಗುತ್ತಿದ್ದರು. ಇದೇನೆಂದು ರೆಕಾರ್ಡಿಂಗ್ ಹಾಕಿ ನೋಡಿದಳು. ಅದಕ್ಕೆ ಯಾರ ಬ್ಲಾಕೂ ಅಡ್ಡ ಬರುವುದಿಲ್ಲ. ಚಿತ್ರಗಾರ ಎಲ್ಲೂ ಹೋಗಿರಲಿಲ್ಲ. ಇವಳು ಗಂಭೀರವಾಗಿ ಮಾತಾಡುತ್ತಿದ್ದಾಳೆ, ಅವನು ಹಿಂದಿನಿಂದ ತಬ್ಬಿಕೊಂಡು ಕುಣಿಯುತ್ತಿದ್ದಾನೆ, ಸುತ್ತ ಇದ್ದವರು ಸದ್ದಡಗಿಸಿ ನಗುತ್ತಿದ್ದಾರೆ. ಆಮೇಲೆ ಗೆಳತಿಯ ಸರದಿ. ಅವಳ ತೊಡೆಯ ಮೇಲೇ ಕೂತಿದ್ದ.

ತಪ್ಪು ಇವಳದೇ. ಬ್ಲಾಕ್ ಮಾಡಿದವಳ ಕಣ್ಣಿಗೆ ಏನು ಕಾಣುತ್ತದೆಂದು ಪರೀಕ್ಷೆ ಮಾಡಿದ್ದಳೇ ಹೊರತು ಮಿಕ್ಕವರಿಗೆ ಏನು ಕಾಣುತ್ತದೆಂದು ನೋಡಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಗೆಳತಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಇದು ಸರಿಹೋಗುವ ತನಕ ಜನರನ್ನು ಒಳಗೆ ಬಿಡಬೇಡಿ ಎಂದು ಧಣಿಯ ಕೋಣೆಗೆ ನುಗ್ಗಿ ಹೇಳಿದಳು. ಇವತ್ತೇ ಬಾಗಿಲು ತೆರೆಯಬೇಕು, ಎಲ್ಲ ಸುರಕ್ಷಿತ ಎಂಬ ಒಪ್ಪಿಗೆಯ ಬಟನ್ ಒತ್ತು ಅಂದ ಅವನು. ನಾಳೆ ಯಾರಾದರೂ ಉಗಿದರೆ ತೋರಿಸಲು ಅವನಿಗೊಂದು ಹೆಸರು ಬೇಕಿತ್ತು, ಅಷ್ಟೇ.

"ಕಾಣದೇ ಇದ್ದದ್ದರಿಂದ ನಿನಗೆ ಹೇಗಮ್ಮ ನೋವಾಗುತ್ತೆ?" ಎಂದ.

ಇವಳು ಸುತರಾಂ ಒಪ್ಪಲಿಲ್ಲ. ಧಣಿ ಗೆಳತಿಯನ್ನು ಕರೆಸಿದ. ಇವಳ ಕುರ್ಚಿ ಇನ್ನು ನಿನ್ನದೇ, ಒಪ್ಪಿಗೆ ಒತ್ತು ಎಂದ. ಗೆಳತಿ ಕುರ್ಚಿಯ ಮಾತಿಗೆ ಕರಗಿಯೇಬಿಟ್ಟಳು. ಗೊಂಬೆ ಮುಟ್ಟಿದ್ದಕ್ಕೆಲ್ಲ ಇಷ್ಟು ರಾದ್ಧಾಂತ ಯಾಕೆ, ಸ್ವಲ್ಪ ಹೊಂದಿಕೊಂಡು ಹೋಗಬಾರದಾ ಎಂದು ಇವಳಿಗೇ ಬುದ್ಧಿ ಹೇಳುತ್ತ ಬಟನ್ನಿನತ್ತ ಕೈ ಚಾಚಿದಳು.

ಬೇಲಿಯಕ್ಕನಿಗೆ ಅವಳ ಮೇಲಿದ್ದ ಕರುಣೆ ಅಲ್ಲಿಗೆ ಮುಗಿಯಿತು. ರೆಕಾರ್ಡಿಂಗನ್ನು ತೆರೆಯ ಮೇಲೆ ಬಿಟ್ಟಳು.

ಗೆಳತಿ ತನ್ನ ಗೊಂಬೆಯನ್ನು ನೋಡಿದಳು, ಅದರ ತೊಡೆಯನ್ನು ನೋಡಿದಳು. ಚಾಚಿದ ಕೈ ಹಾಗೇ ನಿಂತಿತು.

"ಯಾರ್ಯಾರು ನೋಡಿದ್ರು?"

"ನಮ್ಮಿಬ್ಬರನ್ನ ಬಿಟ್ಟು ಎಲ್ಲರೂ."

"ಇವರೂನಾ?" ಗೆಳತಿ ಧಣಿಯತ್ತ ತಿರುಗಿದಳು.

"ಎಲ್ಲರಿಗಿಂತ ಜಾಸ್ತಿ ನಕ್ಕಿದ್ದೇ ಇವರು."

ಗೆಳತಿ ಕೈ ಹಿಂದಕ್ಕೆ ತೆಗೆದುಕೊಂಡಳು. ಧಣಿ ಥೂ ಎಂದು ಇಬ್ಬರಿಗೂ ಶಾಪ ಹಾಕಿ, ತಾನೇ ಬಗ್ಗಿ ಒತ್ತಿದ. ಲೋಕದ ಬಾಗಿಲು ತೆರೆಯಿತೆಂದು ಹೊರಗಿನ ಹಾಲ್‌ನಲ್ಲಿ ಚಪ್ಪಾಳೆ ಶುರುವಾಯಿತು. ಆಫೀಸಿನಿಂದ ಹೊರಬೀಳುವ ಬಾಗಿಲು ಇದ್ದದ್ದು ಆ ಕಡೆಗೇ. ಇಬ್ಬರೂ ನಕ್ಕಿದ್ದ ಆ ಜನರ ನಡುವೆಯೇ ಹಾದುಹೋಗಬೇಕಿತ್ತು.