ಅತ್ತೆಯ ಹಳೇ ಫೋನು

ಸೋಮವಾರ ಬೆಳಿಗ್ಗೆ ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ನಲವತ್ತೊಂದು ಹೆಂಗಸರ ಫೋನುಗಳನ್ನು ತೆಗೆದಿಟ್ಟುಕೊಂಡರು. ಸಂಜೆ ವಾಪಸು ಕೊಟ್ಟಾಗ ಒಂದರಲ್ಲೂ ಒಂದು ಫೋಟೊ ಉಳಿದಿರಲಿಲ್ಲ.

"ವೈರಸ್ ಬಂದಿತ್ತು, ಕ್ಲೀನ್ ಮಾಡಿಸಿದ್ವಿ," ಎಂದ ಸೂಪರ್‌ವೈಸರ್.

ಸತ್ತ ಅಪ್ಪನ ಮುಖ ಹೋಯಿತೆಂದು ಒಬ್ಬಳು ಅಲ್ಲೇ ಕುಸಿದು ಕೂತಳು. ಗುಂಡಿಗೆ ಕಾಜಾ ಹೊಲಿಯುವವಳ ಕಣ್ಣು ಮಾತ್ರ ಒಣಗಿತ್ತು.

"ನಿಂದೇನೂ ಹೋಗ್ಲಿಲ್ವೇನೆ?" ಪಕ್ಕದವಳು ಕೇಳಿದಳು.

"ಎಲ್ಲಾ ನಮ್ಮತ್ತೆ ಹತ್ರ ಇದೆ ಕಣೆ. ಭಾನುವಾರ ಭಾನುವಾರ ಹಳೇ ಫೋನಿಗೆ ಹಾಕಿಸ್ಕೊಳ್ತಾರೆ, ಒಂದೂ ಬಿಡಲ್ಲ."

ಅವಳ ತಲೆಯಲ್ಲಿದ್ದುದು ಮಗಳ ಫೋಟೊ. ಗೇಟಿಗೆ ಬೀಗ ಹಾಕುತ್ತಿದ್ದ ಸೂಪರ್‌ವೈಸರ್ ಕೈ ನಿಲ್ಲಿಸಿದ್ದನ್ನು ಅವಳು ನೋಡಲಿಲ್ಲ.

ಮೊಮ್ಮಗಳು ಮೊದಲ ಸಲ ಅಂಬೆಗಾಲಿಟ್ಟ ವಿಡಿಯೊ ಫೋನಿನ ಸಮೇತ ಬಕೆಟ್ಟಿನ ನೀರಿಗೆ ಬಿದ್ದಂದಿನಿಂದ ಅತ್ತೆ ಈ ಹಟ ಹಿಡಿದಿದ್ದರು. "ಇರೋ ಸಕ್ಕರೆನೆಲ್ಲಾ ಒಂದೇ ಡಬ್ಬೀಲಿ ಇಡ್ತೀಯೇನೆ? ಇರುವೆ ನಿನ್ನ ಕೇಳ್ಕೊಂಡು ಬರುತ್ತಾ?" ಗಾಜು ಒಡೆದ ಅವರ ಹಳೇ ಫೋನಿನ ಬ್ಯಾಟರಿ ಕೆಟ್ಟು ವರ್ಷವಾಗಿತ್ತು. ಚಾರ್ಜರಿನ ವೈರು ಕಿತ್ತರೆ ಕಣ್ಣು ಮುಚ್ಚುತ್ತಿತ್ತು.

ಮಂಗಳವಾರ ಸಂಜೆ ಸೂಪರ್‌ವೈಸರ್ ಮನೆಗೇ ಬಂದ. ಇದ್ದ ಒಂದೇ ಕುರ್ಚಿಯಲ್ಲಿ ಕೂತ.

"ಶನಿವಾರದ್ದು ಒಂದು ಅಳಿಸಿಬಿಡಮ್ಮ. ಮಗೂದು ಇಟ್ಕೋ, ಅದು ಯಾರಿಗೆ ಬೇಕು?"

ಗೋಡೆಯ ಪ್ಲಗ್ಗಿನ ಬಳಿ ನೆಲದಲ್ಲಿ ಕೂತು ಅವಳು ಅದನ್ನು ತೆರೆದಳು. ಶನಿವಾರ ಕಾರ್ಖಾನೆಯಲ್ಲಿ ಬೆಂಕಿ ಬಿದ್ದಾಗ ಅವಳೇ ಹಿಡಿದಿದ್ದ ಹನ್ನೊಂದು ಸೆಕೆಂಡಿನ ವಿಡಿಯೊ. ಹೊಗೆ, ಕೆಮ್ಮು, ಹಿಂಬಾಗಿಲಿನ ಬೀಗ, ಬಾಗಿಲು ಬಡಿಯುತ್ತಿದ್ದ ಇಸ್ತ್ರಿಯವಳ ಕೈ. ಆ ಕೈಗೆ ಈಗ ಆಸ್ಪತ್ರೆಯಲ್ಲಿ ಬ್ಯಾಂಡೇಜು. ಬಾಗಿಲು ತೆರೆದೇ ಇತ್ತು, ಗಾಬರಿಬಿದ್ದು ತಾನೇ ಸುಟ್ಟುಕೊಂಡಳು ಎಂದು ಕಾರ್ಖಾನೆ ಬರೆದುಕೊಟ್ಟಿತ್ತು.

"ಏನಪ್ಪಾ, ತೆರೆದ ಬಾಗಿಲಿಗೆ ಬೀಗ ಯಾಕೆ ಹಾಕಿದ್ರಿ?" ಅತ್ತೆ ಒಲೆಯ ಕಡೆಯಿಂದಲೇ ಕೇಳಿದರು.

"ಅಜ್ಜಿ, ನೀವು ಸುಮ್ನಿರಿ."

"ಸುಮ್ನಿರೋಕೆ ನಾನೇನು ನಿಮ್ಮ ಕಾರ್ಖಾನೇಲಿ ಕೆಲಸಕ್ಕಿದೀನಾ?"

ಸೂಪರ್‌ವೈಸರ್ ಸೊಸೆಯ ಕಡೆ ತಿರುಗಿದ. "ನಾಳೆ ಕೆಲಸಕ್ಕೆ ಬರ್ಬೇಕೋ ಬೇಡ್ವೋ ನೀನೇ ನೋಡ್ಕೋ. ಅಳಿಸು."

ಆ ಮನೆಗೆ ಬರುತ್ತಿದ್ದುದು ಅವಳ ಸಂಬಳವೊಂದೇ. ಅವಳು ಬೆರಳಿಟ್ಟಳು. ಅಳಿಸಬೇಕೇ ಎಂದು ಫೋನು ಕೇಳಿತು. ಒಲೆಯ ಬಳಿ ಸೌಟಿನ ಸದ್ದು ನಿಂತಿತು.

"ಆಗಲ್ಲ ಸಾರ್."

"ಏನಂದೆ?"

"ಅಳಿಸಲ್ಲ."

ಅವನು ಬಗ್ಗಿ ವೈರು ಕಿತ್ತ. ಫೋನು ಕಪ್ಪಾಯಿತು. ಅವಳು ಅವನ ಕೈಯಿಂದ ವೈರು ತೆಗೆದುಕೊಂಡು ಮತ್ತೆ ಚುಚ್ಚಿ, ಪ್ಲಗ್ಗಿನ ಮೇಲೆ ಅಂಗೈಯಿಟ್ಟು ಕೂತಳು. ಹಳೇ ಫೋನು, ಏಳಲು ಹೊತ್ತು ಹಿಡಿಯಿತು. ಕೊನೆಗೆ ಒಡೆದ ಗಾಜಿನಡಿ, ಪರದೆಯ ಫೋಟೊದಲ್ಲಿ ಮಗಳು ಕಾಣಿಸಿದಳು, ಗೋಡೆ ಹಿಡಿದು ನಿಂತು, ಒಂದು ಕಾಲು ಮುಂದಿಟ್ಟು.