ಪರದೆಯ ಮೇಲೆ ಎರಡು ಕೊಂಕಣಿ

ಕುಮಟಾ ಬಸ್ ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ವಿನುತಾ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ೨೦೦೬ರ ದೀಪಾವಳಿ ಕಳೆದ ಮೇಲೆ ಎಲ್ಲ ಕಂಪ್ಯೂಟರುಗಳಿಗೂ ಉಚಿತವಾಗಿ ಸಿಗುವ ಹೊಸದೊಂದು ತಂತ್ರಾಂಶ ಹಾಕಿದಳು. ಭಾಷೆ ಆರಿಸುವ ಜಾಗ ತೆರೆದು ನೋಡಿದರೆ ಕನ್ನಡದ ಕೆಳಗೆ ಕೊಂಕಣಿ! ಮನೆಯಲ್ಲಿ ಅಮ್ಮನ ಜೊತೆ ಆಡುವ ಮಾತು, ಶಾಲೆಯಲ್ಲಿ ಒಂದು ಸಾಲೂ ಬರೆಯದ ಮಾತು, ಇಲ್ಲಿ ಬಂದು ಕೂತಿತ್ತು. ವಿನುತಾಳಿಗೆ ಹಿಗ್ಗೋ ಹಿಗ್ಗು. ಕಿಟಕಿ ಪಕ್ಕದ ಕಂಪ್ಯೂಟರನ್ನು ಆಗಲೇ ಕೊಂಕಣಿಗೆ ತಿರುಗಿಸಿದಳು.

ಮರುದಿನ ಬಾಡ ಎಂಬ ಕಡಲತೀರದ ಊರಿಂದ ಕ್ಲಾಸಿಗೆ ಬರುವ ಗಂಗಾ ಅದರ ಮುಂದೆ ಕೂತಳು. ಅವಳದೂ ಕೊಂಕಣಿ ಮನೆಯೇ, ಮೀನು ಹಿಡಿಯುವವರು. ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

“ಇದು ಹಿಂದಿ ಅಲ್ದಾ ಅಕ್ಕಾ?”

“ಅಲ್ವೇ, ನಮ್ಮ ಕೊಂಕಣಿ. ಅಕ್ಷರ ಮಾತ್ರ ಹಿಂದಿದು.”

“ಹಂಗಾರೆ ನಮ್ಮದು ಹೆಂಗಾತು? ನಾವು ಕೊಂಕಣಿ ಬರೆಯೂದು ಕನ್ನಡ ಅಕ್ಷರದಲ್ಲೇ.”

ಆ ಮಾತು ಮೆಟ್ಟಿಲಿಳಿಯುವಷ್ಟರಲ್ಲಿ ರೂಪ ಬದಲಿಸಿತು. ಮೀನು ಮಾರುಕಟ್ಟೆ ಮುಟ್ಟುವಷ್ಟರಲ್ಲಿ ‘ವಿನುತಾ ಕ್ಲಾಸಿನಲ್ಲಿ ಕನ್ನಡ ತೆಗೆದು ಹಿಂದಿ ಹಾಕಿದಾರಂತೆ’ ಎಂದಾಗಿತ್ತು. ಸಂಜೆಗೆ ಕನ್ನಡ ಸಂಘದ ಅಧ್ಯಕ್ಷ, ಕಿರಾಣಿ ಅಂಗಡಿಯ ಬೀರಪ್ಪ, ನಾಲ್ಕು ಜನರನ್ನು ಕಟ್ಟಿಕೊಂಡು ಮಾಳಿಗೆ ಹತ್ತಿ ಬಂದ.

“ಎಂತ ತಂಗಿ ಇದು? ಹೊರಗೆ ಕನ್ನಡ ಬೋರ್ಡು, ಒಳಗೆ ಹಿಂದಿಯಾ?”

ವಿನುತಾ ಹೆದರಿದಳು. ಕ್ಲಾಸಿಗೆ ಬೀಗ ಬಿದ್ದರೆ ಗತಿಯೇನು? ಆದರೂ ಕುರ್ಚಿ ಎಳೆದು ಕೊಟ್ಟಳು. “ಕೂತ್ಕಳಿ ಬೀರಪ್ಪಣ್ಣ. ಕನ್ನಡ ಎಲ್ಲೂ ಹೋಗ್ಲಿಲ್ಲ. ನೀವೇ ಒತ್ತಿ ನೋಡಿ.”

ಬೀರಪ್ಪ ಒತ್ತಿದ. ಪರದೆ ಕನ್ನಡವಾಯಿತು. ಅವನ ಮುಖ ಅರಳಿತು. ಓದುತ್ತಾ ಹೋದಂತೆ ಬಾಡಿತು.

“‘ಕಡತವನ್ನು ಉಳಿಸಲು ಇಚ್ಛಿಸುವಿರೇ?’ ಇದ್ಯಾರು ಬರೆದದ್ದು ಮಾರಾಯ್ತಿ? ಯಕ್ಷಗಾನ ಆಟದ ರಾಜನೂ ಹಿಂಗೆ ಮಾತಾಡೂದಿಲ್ಲ. ‘ನಿರ್ಗಮಿಸು’ ಅಂತೆ! ಶಾಪ ಕೊಟ್ಟಂಗೆ ಇದೆ.”

“ನಮ್ಮಂತವರೇ ಬರೆಯೂದು. ನೀವೂ ತಿದ್ದಿ ಕಳಿಸಬಹುದು.”

ಜೊತೆಗೆ ಬಂದವರು ಚಹಾ ಕುಡಿದು ಹೋದರು. ಬೀರಪ್ಪ ಏಳಲಿಲ್ಲ. ಅಂದಿನಿಂದ ಅಂಗಡಿ ಬಾಗಿಲು ಹಾಕಿ ದಿನಾ ಬರತೊಡಗಿದ. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕನ್ನಡ ತಿದ್ದಿದ. ಪಕ್ಕದಲ್ಲಿ ಗಂಗಾ ಕೊಂಕಣಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದಳು. ಇದರಿಂದ ಬೀರಪ್ಪನಿಗೆ ಖುಷಿಯೇ ಆಯಿತು: ಭಾಷೆ ಯಾವುದಾದರೇನು, ಅಕ್ಷರ ಕನ್ನಡದ್ದಲ್ಲವೇ!

ಆ ಖುಷಿಯೇ ಹೊಸ ತಕರಾರಿಗೆ ದಾರಿಯಾಯಿತು. ಕೊಂಕಣಿ ಸಭೆಯ ಹಿರಿಯ ಗುರುದತ್ತ ಪೈ ಕೋಲೂರಿಕೊಂಡು ಬಂದರು.

“ದೇವನಾಗರಿಯಲ್ಲಿ ಬರಲಿ ಅಂತ ಎಷ್ಟೋ ವರ್ಷ ಹೋರಾಡಿದ್ದೇವೆ ವಿನುತಾ. ಈಗ ಕನ್ನಡ ಲಿಪಿ ತಂದರೆ ನಾಳೆ ಕೊಂಕಣಿ ಕನ್ನಡದ ಹೊಟ್ಟೆ ಸೇರ್ತದೆ. ಬೀರಪ್ಪ ಸಹಾಯಕ್ಕೆ ನಿಂತದ್ದು ನೋಡಿದ್ರೇ ಗೊತ್ತಾಗೂದಿಲ್ವಾ?”

ವಿನುತಾ ತಂತ್ರಾಂಶ ನೋಡಿಕೊಳ್ಳುವವರಿಗೆ ಇ-ಮೇಲ್ ಬರೆದು, ಎರಡೂ ಲಿಪಿ ಇರಲಿ ಎಂದು ಕೇಳಿದಳು. ‘ಇದು ರಾಜಕೀಯದ ವಿಷಯ, ಮೊದಲು ನಿಮ್ಮಲ್ಲಿ ಒಮ್ಮತ ಆಗಲಿ’ ಎಂದು ಉತ್ತರ ಬಂತು. ಒಮ್ಮತ! ಅವಳಿಗೆ ನಗು ಬಂತು, ಅಳುವೂ ಬಂತು. ಕೊನೆಗೆ ಭಾನುವಾರ ಎಲ್ಲರನ್ನೂ ಕರೆದಳು. ಲಿಪಿಯ ಮಾತು ಎತ್ತದೆ ಪೈಗಳತ್ತ ತಿರುಗಿದಳು.

“ಪೈ ಮಾಮ್, ಕಂಪ್ಯೂಟರ್ ಬಿಟ್ಟು ಹೊರಗೆ ಬರೂಕೆ ಒಂದು ಗುಂಡಿ ಇದೆ. ಅದಕ್ಕೆ ಕೊಂಕಣಿಯಲ್ಲಿ ಎಂತ ಬರೆಯೂದು?”

“ಅದಕ್ಕೇನು? ‘ಭಾಯ್ರ್ ವಚ್’. ಹೊರಗೆ ಹೋಗು.”

ಗಂಗಾ ಬಾಯಿಗೆ ಕೈ ಅಡ್ಡ ಹಿಡಿದಳು. “ಹಾಗಂದ್ರೆ ಕುತ್ತಿಗೆ ಹಿಡಿದು ದೂಡಿದ ಹಾಗೆ ಆಗ್ತದೆ ಮಾಮ್! ನಮ್ಮ ಮನೆಯಲ್ಲಿ ‘ಹೋಗ್ತೆ’ ಅಂದ್ರೇ ಅಜ್ಜಿ ಬೈತಾಳೆ. ‘ಯೆತಾಂ’ ಹೇಳಬೇಕು.”

ಪೈಗಳು ಕೋಲನ್ನು ಪಕ್ಕಕ್ಕೆ ಒರಗಿಸಿದರು. “ನಮ್ಮ ಅಮ್ಮನೂ ಹಾಗೇ,” ಎಂದರು ಮೆಲ್ಲಗೆ. “ಮನೆ ಬಿಟ್ಟು ಹೊರಟವರು ‘ಬರ್ತೇನೆ’ ಅಂತಲೇ ಹೇಳಬೇಕಿತ್ತು.”

“ನಮ್ಮಲ್ಲೂ ಹಂಗೇ ಅಲ್ದಾ ಪೈಗಳೇ!” ಬೀರಪ್ಪ ಕುರ್ಚಿಯಿಂದ ಎದ್ದೇಬಿಟ್ಟ. “‘ಬತ್ತೆ’ ಅಂತ್ವೇ ವಿನಾ ‘ಹೋತೆ’ ಅನ್ನೂದಿಲ್ಲ. ಆ ನಿರ್ಗಮಿಸು ತೆಗೆದು ‘ಬರ್ತೇನೆ’ ಹಾಕ್ತೆ ನಾನು!”

ಪೈಗಳು ನಕ್ಕರು. ನಕ್ಕ ಮೇಲೆ ಬಿಗಿಯಾಗಿರುವುದು ಯಾರಿಗೂ ಕಷ್ಟ. ಗಂಗಾ ಬರೆದದ್ದನ್ನು ಕನ್ನಡಕ ಏರಿಸಿ ಓದಿದರು. ‘ಉಗಡ್’, ‘ಧಾಂಪ್’, ಅಂದರೆ ತೆರೆ, ಮುಚ್ಚು. ಒಂದು ಕಡೆ ತಿದ್ದಿದರು, ಇನ್ನೊಂದು ಕಡೆ ತಲೆದೂಗಿದರು.

“ನನ್ನ ದೇವನಾಗರಿ ತೆಗೀಬಾರದು. ಆ ಷರತ್ತಿನ ಮೇಲೆ ಇವಳದ್ದೂ ಇರಲಿ.”

“ನಿಮ್ದು ಮೇಲೆ, ಇವಳದ್ದು ಕೆಳಗೆ. ಆತಲ್ಲ?” ಎಂದ ಬೀರಪ್ಪ.

“ಅಕ್ಕಪಕ್ಕ ಇರಲಿ,” ಎಂದಳು ಗಂಗಾ.

ಪರದೆಯಲ್ಲಿ ಅಕ್ಕಪಕ್ಕ ಇಡಲು ಬರುವುದಿಲ್ಲ ಎಂದು ವಿನುತಾ ವಿವರಿಸುವಷ್ಟರಲ್ಲಿ ಚಹಾ ಆರಿಹೋಗಿತ್ತು. ತಂತ್ರಾಂಶದವರಿಗೆ ಕಳಿಸುವ ಒಪ್ಪಿಗೆ ಪತ್ರಕ್ಕೆ ಪೈಗಳು ಕೊಂಕಣಿ ಸಭೆಯ ಪರವಾಗಿ, ಬೀರಪ್ಪ ಕನ್ನಡ ಸಂಘದ ಪರವಾಗಿ ಸಹಿ ಹಾಕಿದರು.

ಮುಂದಿನ ಮಳೆಗಾಲದಲ್ಲಿ ಬಂದ ಆವೃತ್ತಿಯಲ್ಲಿ ಎರಡು ಕೊಂಕಣಿಗಳಿದ್ದವು, ಒಂದರ ಕೆಳಗೊಂದು. ಗಂಗಾ ತಾಯಿಯನ್ನು ಬಾಡದಿಂದ ಕರೆತಂದು ತೋರಿಸಿದಳು. ಆಕೆ ಪರದೆಯ ಮೇಲೆ ಕನ್ನಡ ಅಕ್ಷರದಲ್ಲಿದ್ದ ಕೊಂಕಣಿ ಸಾಲುಗಳನ್ನು ಬೆರಳಿಟ್ಟು ಗಟ್ಟಿಯಾಗಿ ಓದುತ್ತಾ ಹೋದಳು. ವಿನುತಾ ಪಾಠ ನಿಲ್ಲಿಸಿ ಕೇಳುತ್ತಾ ನಿಂತಳು.